ಸ್ನೋಬೋರ್ಡಿಂಗ್‌ಗೆ ಎಂಥ ಜಾಕೆಟ್ ಬೇಕು? ಚಿಕ್ಕಬಳ್ಳಾಪುರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್, ಹಿಮಾಚಲದ ಸೋಲಾಂಗ್, ಉತ್ತರಾಖಂಡದ ಔಲಿಗೆ ಹೊರಡುವವರಿಗಾಗಿ ಇದನ್ನು ಬರೆದಿದ್ದೇನೆ. ಹಿಮದ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಸಾಲದು, ಕಾಲಿಗೆ ಬೋರ್ಡ್ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರಬೇಕು ಅನ್ನುವವರು ಇವರು. ಇವರೆಲ್ಲ ಮೊದಲು ಕೇಳುವುದು ಜಾಕೆಟ್ ಬಗ್ಗೆ. ಚಳಿ ಕಾಣದ ಊರಿನವರು ಜಾಕೆಟ್ ಆರಿಸುವಾಗ ಚಳಿಯನ್ನಷ್ಟೇ ಯೋಚಿಸುತ್ತಾರೆ. ಆದರೆ ಹಿಮದಲ್ಲಿ ನಿಜವಾಗಿ ಕಾಡುವುದು ಒದ್ದೆ. ಕೆಳಗಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ನಂದಿ ಬೆಟ್ಟಕ್ಕೆ ಹಾಕೊಂಡು ಹೋಗೋ ಜರ್ಕಿನ್ ಇದೆ. ಅದೇ ಸಾಕಾಗಲ್ವಾ?

ಸಾಕಾಗುವುದಿಲ್ಲ. ನಂದಿ ಬೆಟ್ಟದ ಎತ್ತರ 1,478 ಮೀಟರ್. ಜನವರಿ ಬೆಳಗಿನ ಜಾವ ಬೈಕಿನಲ್ಲಿ ಹತ್ತುವಾಗ ಹಲ್ಲು ಕಟಕಟ ಅನ್ನುವುದು ನಿಜ. ಆದರೆ ಅಲ್ಲಿ ನಿಮ್ಮನ್ನು ಕಾಡುವುದು ಗಾಳಿ ಮಾತ್ರ. ನೀವು ಸುಮ್ಮನೆ ಬೈಕ್ ಮೇಲೆ ಕೂತಿರುತ್ತೀರಿ. ಬೆವರುವುದಿಲ್ಲ, ನೆಲಕ್ಕೆ ಬೀಳುವುದಿಲ್ಲ, ಬಟ್ಟೆ ನೆನೆಯುವುದಿಲ್ಲ.

ಸ್ನೋಬೋರ್ಡಿಂಗ್‌ನಲ್ಲಿ ಇವು ಮೂರೂ ಆಗುತ್ತವೆ. ಕಲಿಯುವಾಗ ಮೊದಲ ದಿನಗಳಲ್ಲಿ ಜಾರುವುದಕ್ಕಿಂತ ಬೀಳುವುದೇ ಜಾಸ್ತಿ. ಬಿದ್ದಾಗ ಹಿಮ ಮೈಗೆ ಅಂಟುತ್ತದೆ, ಮೈ ಶಾಖಕ್ಕೆ ಕರಗಿ ನೀರಾಗುತ್ತದೆ. ಎದ್ದು ಬೋರ್ಡ್ ಎತ್ತಿಕೊಂಡು ಮತ್ತೆ ಮೇಲಕ್ಕೆ ನಡೆಯುವಾಗ ಬೆವರು ಸುರಿಯುತ್ತದೆ. ಆಮೇಲೆ ಸರದಿಗಾಗಿ ಕಾಯುತ್ತ ನಿಂತರೆ ಆ ಬೆವರೇ ತಣ್ಣಗಾಗುತ್ತದೆ. ರೆಕ್ಸಿನ್ ಜರ್ಕಿನ್ ಬೆವರನ್ನು ಹೊರಗೆ ಬಿಡುವುದಿಲ್ಲ. ಚರ್ಮದ್ದು ನೀರು ಕುಡಿದು ಭಾರವಾಗುತ್ತದೆ. ಹತ್ತಿ ತುಂಬಿದ್ದಂತೂ ಒಮ್ಮೆ ನೆನೆದರೆ ಆ ದಿನ ಒಣಗುವುದಿಲ್ಲ.

ಅಲ್ಲಿ ನಿಜವಾಗ್ಲೂ ಎಷ್ಟು ಚಳಿ ಇರುತ್ತೆ?

ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರು ಎರಡು ಹಂತಗಳಲ್ಲಿ ಅಫರ್‌ವತ್ ಬೆಟ್ಟದ ಮೇಲಿನವರೆಗೆ, ಅಂದರೆ ಸುಮಾರು 3,950 ಮೀಟರ್‌ವರೆಗೆ ಕರೆದೊಯ್ಯುತ್ತದೆ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಊರಿನಲ್ಲಿ ಸೊನ್ನೆ ಡಿಗ್ರಿ ಇದ್ದರೆ ಮೇಲೆ ಮೈನಸ್ ಎಂಟರ ಆಸುಪಾಸು ಇರುತ್ತದೆ.

ಇದರ ಮೇಲೆ ಗಾಳಿ ಬೇರೆ. ಮೈನಸ್ 10 ಡಿಗ್ರಿ ಇರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿ ಮೈಗೆ ಅದು ಮೈನಸ್ 20ರಂತೆ ತಾಗುತ್ತದೆ. ಜಾರುವಾಗ ನೀವೇ ಆ ವೇಗದಲ್ಲಿ ಹೋಗುತ್ತಿರುತ್ತೀರಿ. ಗಾಳಿ ಬೀಸದ ದಿನವೂ ಗಾಳಿ ತಪ್ಪುವುದಿಲ್ಲ.

ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಚಳಿಗಾಲದ ಕಡು ಚಳಿಯ ದಿನಗಳು ಅವೇ. ಆಗ ಹಿಮ ಒಣ ಪುಡಿಯಂತೆ ಇರುತ್ತದೆ, ಜಾಕೆಟ್ ಮೇಲೆ ಬಿದ್ದರೆ ಕೊಡವಿದರೆ ಹೋಗುತ್ತದೆ. ಮಾರ್ಚ್ ಹೊತ್ತಿಗೆ ಬಿಸಿಲೇರಿ ಹಿಮ ನೀರು ನೀರಾಗುತ್ತದೆ. ಥರ್ಮಾಮೀಟರ್ ನೋಡಿದರೆ ಮಾರ್ಚ್ ಸುಲಭ ಅನ್ನಿಸುತ್ತದೆ, ಆದರೆ ಜಾಕೆಟ್‌ಗೆ ಆಗಲೇ ಹೆಚ್ಚು ಕಷ್ಟ.

ಹಾಗಾದ್ರೆ ಇರೋದ್ರಲ್ಲೇ ದಪ್ಪ ಜಾಕೆಟ್ ತಗೊಂಡ್ಬಿಡ್ಲಾ?

ದಯವಿಟ್ಟು ಬೇಡ. ನಮ್ಮ ಕಡೆಯವರು ಮೊದಲು ಕೈ ಹಾಕುವುದೇ ಅಂಗಡಿಯಲ್ಲಿರುವ ಅತಿ ದಪ್ಪ ಜಾಕೆಟ್‌ಗೆ. ಅದನ್ನು ತೊಟ್ಟು ಹತ್ತು ನಿಮಿಷ ಬೋರ್ಡ್ ಮೇಲೆ ಒದ್ದಾಡಿದರೆ ಒಳಗೆಲ್ಲ ಬೆವರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈ ಶಾಖವನ್ನು ಎಳೆದುಕೊಳ್ಳುತ್ತದೆ. ಬೆವರಿದ ದಪ್ಪ ಜಾಕೆಟ್‌ನವರು ನಡುಗುತ್ತ ಕೂತಿರುವಾಗ ಒಣಗಿದ ತೆಳು ಬಟ್ಟೆಗಳ ಮೂರು ಪದರ ತೊಟ್ಟವರು ಆರಾಮಾಗಿ ಜಾರುತ್ತಿರುತ್ತಾರೆ.

ಬೆಚ್ಚಗಿಡುವ ಕೆಲಸ ಒಳಗಿನ ಬಟ್ಟೆಯದು. ಹೊರಗಿನ ಜಾಕೆಟ್ ಮಾಡಬೇಕಾದ್ದು ಬೇರೆ ಮೂರು ಕೆಲಸ: ಹಿಮದ ನೀರನ್ನು ತಡೆಯುವುದು, ಗಾಳಿಯನ್ನು ತಡೆಯುವುದು, ಬೆವರಿನ ಆವಿಯನ್ನು ಹೊರಗೆ ಬಿಡುವುದು. ಒಳಗೆ ಹತ್ತಿ, ಉಣ್ಣೆ, ಗರಿ ಏನೂ ತುಂಬದೆ ಈ ಮೂರನ್ನಷ್ಟೇ ಮಾಡುವ ಜಾಕೆಟ್‌ಗೆ ಶೆಲ್ ಅನ್ನುತ್ತಾರೆ. ನನ್ನ ಆಯ್ಕೆ ಯಾವಾಗಲೂ ಶೆಲ್. ಸೆಖೆಯಾದರೆ ಒಳಗಿನದನ್ನು ಒಂದು ಕಳಚಬಹುದು, ಚಳಿಯಾದರೆ ಇನ್ನೊಂದು ಹಾಕಬಹುದು. ಊರಿಗೆ ಬಂದ ಮೇಲೂ ಅದು ವ್ಯರ್ಥವಾಗುವುದಿಲ್ಲ. ಮಳೆಗಾಲದಲ್ಲಿ ಸ್ಕಂದಗಿರಿ ಹತ್ತುವಾಗ, ಸಂಜೆ ಮಳೆಯಲ್ಲಿ ಸ್ಕೂಟರ್ ಓಡಿಸುವಾಗ ಅದನ್ನೇ ತೊಡಬಹುದು. ದಪ್ಪ ಜಾಕೆಟ್ ಮಾತ್ರ ಬೀರುವಿನಲ್ಲೇ ಇರುತ್ತದೆ.

ತುಂಬಾ ಚಳಿ ಆಗುವ ಮೈಯವರು ತೆಳುವಾಗಿ ಸಿಂಥೆಟಿಕ್ ತುಂಬಿದ ಜಾಕೆಟ್ ನೋಡಬಹುದು. ಲೇಬಲ್ ಮೇಲೆ 40, 60, 80 ಗ್ರಾಂ ಅಂತ ಇರುತ್ತದೆ. ಚದರ ಮೀಟರ್‌ಗೆ ಎಷ್ಟು ತುಂಬಿದ್ದಾರೆ ಎಂಬ ಲೆಕ್ಕ ಅದು. 60ರ ಆಸುಪಾಸು ಸಾಕು.

ಲೇಬಲ್ ಮೇಲೆ 10,000 / 10,000 ಅಂತ ಇರುತ್ತಲ್ಲ, ಅದು ಏನು?

ಜಾಕೆಟ್ ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮೊದಲು ನೋಡಬೇಕಾದ್ದು ಇದೇ. ಕೆಲವು ಕಡೆ 10ಕೆ/10ಕೆ ಅಂತಲೂ ಬರೆದಿರುತ್ತಾರೆ.

ಮೊದಲನೆಯ ಸಂಖ್ಯೆ ನೀರು ತಡೆಯುವ ಶಕ್ತಿ, ಮಿಲಿಮೀಟರ್‌ನಲ್ಲಿ. ಬಟ್ಟೆಯ ಮೇಲೆ ನೀರಿನ ಒತ್ತಡ ಹಾಕುತ್ತ ಹೋಗುತ್ತಾರೆ. ಎಷ್ಟು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಹನಿಗಳು ಒಳಗೆ ಜಿನುಗಿದವು ಎಂದು ನೋಡುತ್ತಾರೆ. 10,000 ಅಂದರೆ ಹತ್ತು ಮೀಟರ್, ಮೂರು ಅಂತಸ್ತಿನ ಮನೆಯಷ್ಟು ಎತ್ತರದ ನೀರು. ಅಷ್ಟೊಂದು ಯಾಕೆ ಬೇಕು ಅನ್ನಿಸಬಹುದು. ಮಳೆ ಹನಿ ಬಟ್ಟೆಯನ್ನು ಅಷ್ಟಾಗಿ ಒತ್ತುವುದಿಲ್ಲ. ಆದರೆ ನೀವು ಹಸಿ ಹಿಮದ ಮೇಲೆ ಕೂತಾಗ, ಮೊಣಕೈ ಊರಿ ಏಳುವಾಗ, ಇಡೀ ಮೈಭಾರ ಸಣ್ಣ ಜಾಗದ ಮೇಲೆ ಬೀಳುತ್ತದೆ. ನೀರು ಒಳಕ್ಕೆ ನುಗ್ಗುವುದು ಅಲ್ಲಿಯೇ.

ಎರಡನೆಯ ಸಂಖ್ಯೆ ಬೆವರಿನ ಆವಿಯದ್ದು. ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಸ್ವಲ್ಪ ದೂರ ನಡೆದರೆ ಒಳಗಡೆ ಹೇಗೆ ಒದ್ದೆಯಾಗುತ್ತದೆ ಎಂದು ನಿಮಗೆ ಗೊತ್ತು. ಅದರಲ್ಲಿ ಮೊದಲನೆಯ ಸಂಖ್ಯೆ ಜೋರಾಗಿದ್ದರೂ ಎರಡನೆಯದು ಹೆಚ್ಚುಕಡಿಮೆ ಸೊನ್ನೆ.

ನನ್ನ ಸಲಹೆ: 10,000 / 10,000ಕ್ಕಿಂತ ಕೆಳಗೆ ಹೋಗಬೇಡಿ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹೋಗುವುದಾದರೆ ಮೊದಲನೆಯದು 15,000 ಇದ್ದರೆ ನೆಮ್ಮದಿ. 20,000 ದಾಟಿದ ಜಾಕೆಟ್‌ಗಳು ಇಡೀ ಚಳಿಗಾಲ ಬೆಟ್ಟದ ಮೇಲೇ ಇರುವವರಿಗೆ. 5,000ದ ಜಾಕೆಟ್ ಹಿಮದಲ್ಲಿ ಮಕ್ಕಳ ಜೊತೆ ಒಂದು ಗಂಟೆ ಆಡಲು ಸಾಕು, ಬೋರ್ಡ್ ಮೇಲೆ ದಿನವಿಡೀ ಇರಲು ಸಾಲದು. ಒಂದೊಂದು ಕಂಪನಿ ಒಂದೊಂದು ವಿಧಾನದಲ್ಲಿ ಪರೀಕ್ಷೆ ಮಾಡುತ್ತದೆ. ಹಾಗಾಗಿ ಒಂದರದ್ದು 10,000, ಇನ್ನೊಂದರದ್ದು 12,000 ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಸಂಖ್ಯೆಯೇ ಇಲ್ಲದೆ ಬರೀ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಬಿಟ್ಟುಬಿಡಿ.

ಗೋರ್‌ಟೆಕ್ಸ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಪಿಟಿಎಫ್‌ಇ ಕಡ್ಡಿಯನ್ನು ರಪ್ಪನೆ ಎಳೆದು ನೋಡಿದರು. ನಾನ್‌ಸ್ಟಿಕ್ ತವಾಗೆ ಬಳಿಯುವ ವಸ್ತುವೇ ಅದು. ಮುರಿಯುವ ಬದಲು ಅದು ಉದ್ದಕ್ಕೆ ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾದವು. ನೀರಿನ ಹನಿ ತೂರಲಾರದಷ್ಟು ಚಿಕ್ಕ ರಂಧ್ರ, ಆವಿ ಮಾತ್ರ ಸಲೀಸಾಗಿ ಹೊರಗೆ ಹೋಗುತ್ತದೆ. ಅದರಿಂದ ಹುಟ್ಟಿದ್ದೇ ಗೋರ್‌ಟೆಕ್ಸ್. ಒಳ್ಳೆಯ ವಸ್ತು, ಬಾಳಿಕೆಯೂ ಚೆನ್ನ, ಬೆಲೆಯೂ ಹಾಗೇ ಇದೆ. ಈಗ ಅನೇಕ ಕಂಪನಿಗಳು ಇದೇ ಕೆಲಸ ಮಾಡುವ ತಮ್ಮದೇ ಪದರಗಳನ್ನು ಹಾಕುತ್ತವೆ. ಮೊದಲ ಸಲ ಹೋಗುವವರು ಆ ಹಣದಲ್ಲಿ ಒಳ್ಳೆಯ ಗ್ಲೌಸ್, ಪ್ಯಾಂಟ್, ಗಾಗಲ್ಸ್ ಕೊಂಡರೆ ಹೆಚ್ಚು ಪ್ರಯೋಜನ.

ಬಟ್ಟೆ ಚೆನ್ನಾಗಿದೆ, ಆದ್ರೂ ಭುಜದ ಹತ್ರ ನೀರು ಬರುತ್ತೆ ಅಂತಾರೆ. ಯಾಕೆ?

ಹೊಲಿಗೆ. ಸೂಜಿ ಚುಚ್ಚಿದ ಪ್ರತಿ ಜಾಗವೂ ಒಂದು ತೂತು. ಒಳ್ಳೆಯ ಜಾಕೆಟ್‌ನಲ್ಲಿ ಒಳಗಡೆಯಿಂದ ಹೊಲಿಗೆಯ ಮೇಲೆ ಟೇಪ್ ಅಂಟಿಸಿರುತ್ತಾರೆ. ಎಲ್ಲ ಹೊಲಿಗೆಗೂ ಟೇಪ್ ಇದ್ದರೆ ‘ಫುಲ್ಲಿ ಟೇಪ್ಡ್’. ಭುಜ, ಕತ್ತು, ಟೋಪಿಯ ಹೊಲಿಗೆಗೆ ಮಾತ್ರ ಇದ್ದರೆ ‘ಕ್ರಿಟಿಕಲಿ ಟೇಪ್ಡ್’. ಜಾಕೆಟ್‌ನ ಒಳಮೈ ತಿರುಗಿಸಿ ನೋಡಿ. ಲೈನಿಂಗ್ ಅಡ್ಡ ಇದ್ದರೆ ಲೇಬಲ್ ಓದಿ. ಬೀಳುವುದು ಜಾಸ್ತಿ ಇರುವ ಕಲಿಕೆಯ ದಿನಗಳಲ್ಲಿ ಎಲ್ಲ ಹೊಲಿಗೆಗೂ ಟೇಪ್ ಇರುವುದೇ ಒಳ್ಳೆಯದು. ಊರಿನ ಟೈಲರ್ ಹತ್ತಿರ ಜಾಕೆಟ್ ಬಿಗಿ ಮಾಡಿಸುವ ಆಸೆ ಬೇಡ. ಅವರ ಕೆಲಸ ಎಷ್ಟೇ ಚೆನ್ನಾಗಿದ್ದರೂ ಹೊಸ ಹೊಲಿಗೆ ಅಂದರೆ ಹೊಸ ತೂತು.

ಸ್ಕೀ ಜಾಕೆಟ್ ಬೇರೆ, ಸ್ನೋಬೋರ್ಡ್ ಜಾಕೆಟ್ ಬೇರೆನಾ?

ಬಟ್ಟೆ ಒಂದೇ, ಕಟ್ ಬೇರೆ. ಸ್ಕೀಯಲ್ಲಿ ಒಂದೊಂದು ಕಾಲಿಗೆ ಒಂದೊಂದು ಹಲಗೆ, ಸ್ನೋಬೋರ್ಡ್‌ನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತವೆ. ಕಟ್ಟಿಕೊಳ್ಳಲು ಹಿಮದ ಮೇಲೆ ಕೂರಬೇಕು, ಏಳಲು ಕೈ ಊರಬೇಕು, ಮೈ ತಿರುಚಬೇಕು. ಅದಕ್ಕೇ ಸ್ನೋಬೋರ್ಡ್ ಜಾಕೆಟ್ ಸ್ವಲ್ಪ ಸಡಿಲ, ಹಿಂಭಾಗ ಸೊಂಟದಿಂದ ಕೆಳಗಿನವರೆಗೆ ಉದ್ದ. ಸ್ಕೀ ಜಾಕೆಟ್ ಮೈಗೆ ಹತ್ತಿದಂತೆ ಇರುತ್ತದೆ. ಉದ್ದ ಸಾಕಷ್ಟಿದ್ದರೆ ಸ್ಕೀ ಜಾಕೆಟ್‌ನಲ್ಲೂ ಧಾರಾಳವಾಗಿ ಬೋರ್ಡ್ ಮಾಡಬಹುದು.

ಜಿಪ್, ಜೇಬು, ಪಟ್ಟಿ ಅಂತ ಏನೇನೋ ಇರುತ್ತೆ. ಯಾವುದು ಮುಖ್ಯ?

ನಾನು ಮೊದಲು ನೋಡುವುದು ಕಂಕುಳ ಕೆಳಗಿನ ಜಿಪ್, ಅದಕ್ಕೆ ಪಿಟ್ ಜಿಪ್ ಅನ್ನುತ್ತಾರೆ. ಯಾವ ಬಟ್ಟೆಯೂ ನೀವು ಸುರಿಸುವಷ್ಟು ಬೆವರನ್ನು ಅಷ್ಟೇ ವೇಗದಲ್ಲಿ ಹೊರಗೆ ಹಾಕಲಾರದು. ಮೇಲಕ್ಕೆ ನಡೆಯುವಾಗ ಜಿಪ್ ತೆರೆದು, ಇಳಿಯುವ ಮುಂಚೆ ಮುಚ್ಚಿದರೆ ಒಳಗೆ ಒಣಗಿಯೇ ಇರುತ್ತದೆ. ಬಿಸಿಲ ನಾಡಿನಿಂದ ಹೋಗುವ ನಮಗೆ, ಬೇಗ ಬೆವರುವ ನಮಗೆ, ಇದು ಬಹಳ ಉಪಕಾರಿ.

ಎರಡನೆಯದು ಪೌಡರ್ ಸ್ಕರ್ಟ್. ಜಾಕೆಟ್ ಒಳಗೆ ಸೊಂಟದ ಸುತ್ತ ಬರುವ ಎಲಾಸ್ಟಿಕ್ ಪಟ್ಟಿ ಅದು. ಬಿದ್ದು ಉರುಳಿದಾಗ ಹಿಮ ಬೆನ್ನಿನೊಳಗೆ ನುಗ್ಗದಂತೆ ತಡೆಯುತ್ತದೆ. ತೋಳಿನ ತುದಿ ಬಿಗಿ ಮಾಡಲು ವೆಲ್ಕ್ರೋ ಇರಬೇಕು. ಟೋಪಿ ಹೆಲ್ಮೆಟ್ ಮೇಲೆ ಬರುವಷ್ಟು ದೊಡ್ಡದಿರಬೇಕು. ಹೆಲ್ಮೆಟ್ ಇಲ್ಲದೆ ಬೋರ್ಡ್ ಮೇಲೆ ನಿಲ್ಲಲೇಬೇಡಿ. ಗ್ಲೌಸ್ ಹಾಕಿಕೊಂಡೇ ಎಳೆಯುವಂತೆ ಜಿಪ್‌ಗೆ ಉದ್ದ ದಾರವಿರಲಿ. ಫೋನ್ ಇಡಲು ಎದೆಯ ಒಳಜೇಬು ಇದ್ದರೆ ಒಳ್ಳೆಯದು, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ.

ಕೆಲವು ಜಾಕೆಟ್‌ಗಳಲ್ಲಿ ರೆಕ್ಕೋ ಎಂಬ ಚಿಕ್ಕ ತುಂಡು ಹೊಲಿದಿರುತ್ತಾರೆ. ಹಿಮದಡಿ ಸಿಕ್ಕವರನ್ನು ಹುಡುಕುವ ತಂಡದವರ ಯಂತ್ರದ ಸಂಕೇತವನ್ನು ಅದು ವಾಪಸ್ ಕಳಿಸುತ್ತದೆ, ಅಷ್ಟೇ. ಅದು ಇದೆ ಎಂಬ ಧೈರ್ಯದ ಮೇಲೆ ಗುರುತು ಹಾಕಿದ ಇಳಿಜಾರು ಬಿಟ್ಟು ಹೋಗಬೇಡಿ. ಅಫರ್‌ವತ್‌ನ ಮೇಲಿನ ಇಳಿಜಾರುಗಳಲ್ಲಿ ಹಿಮಕುಸಿತಕ್ಕೆ ಜನ ಸತ್ತಿದ್ದಾರೆ. ಅಲ್ಲಿಗೆ ಹೋಗಲು ಬೇರೆಯೇ ಉಪಕರಣ, ತರಬೇತಿ, ಸ್ಥಳೀಯ ಗೈಡ್ ಬೇಕು.

ಡೌನ್ ಜಾಕೆಟ್ ಇದೆ. ಅದನ್ನೇ ಹಾಕ್ಕೊಂಡ್ರೆ?

ಡೌನ್ ಅಂದರೆ ಬಾತುಕೋಳಿ, ಹೆಬ್ಬಾತುಗಳ ಮೃದು ಗರಿ. ಒಣಗಿರುವಾಗ ಅದರಷ್ಟು ಹಗುರ, ಅದರಷ್ಟು ಬೆಚ್ಚಗಿನದು ಮತ್ತೊಂದಿಲ್ಲ. ನೆನೆದರೆ ಮಾತ್ರ ಮಳೆಗೆ ಸಿಕ್ಕ ಕೋಳಿಯಂತೆ ಮುದ್ದೆಯಾಗಿಬಿಡುತ್ತದೆ. ಅದನ್ನು ಹೊರಗಿನ ಜಾಕೆಟ್ ಮಾಡಿಕೊಳ್ಳಬೇಡಿ. ತೆಳುವಾಗಿದ್ದರೆ ಶೆಲ್ ಒಳಗೆ ಹಾಕಿ, ಇಲ್ಲವೇ ಸಂಜೆ ಓಡಾಡಲು ಇಟ್ಟುಕೊಳ್ಳಿ. ಪ್ರಾಣಿಯಿಂದ ಬಂದದ್ದು ಬೇಡ ಎನ್ನುವವರು ಸಿಂಥೆಟಿಕ್ ತುಂಬಿದ್ದನ್ನು ಆರಿಸಬಹುದು. ಸ್ವಲ್ಪ ಭಾರ, ಆದರೆ ನೆನೆದರೂ ಒಂದಷ್ಟು ಬೆಚ್ಚಗಿಡುತ್ತದೆ.

ಒಳಗೆ ಏನು ಹಾಕ್ಬೇಕು?

ಮೈಗೆ ತಾಗುವ ಪದರ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯ ಥರ್ಮಲ್. ಅದರ ಮೇಲೆ ಫ್ಲೀಸ್, ಅಂದರೆ ಮೃದುವಾದ ಬೆಚ್ಚಗಿನ ಸಿಂಥೆಟಿಕ್ ಬಟ್ಟೆಯದು. ಮೇಲೆ ಶೆಲ್. ಹತ್ತಿ ಬನಿಯನ್, ಹತ್ತಿ ಟೀ ಶರ್ಟ್ ಒಂದೂ ಬೇಡ. ನಮ್ಮ ಬೇಸಿಗೆಗೆ ಹತ್ತಿ ಎಷ್ಟು ಹಿತವೋ ಹಿಮದಲ್ಲಿ ಅಷ್ಟೇ ಕೆಡುಕು, ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಹೆಣೆದ ಉಣ್ಣೆ ಸ್ವೆಟರ್ ಇದ್ದರೆ ಫ್ಲೀಸ್ ಬದಲು ಹಾಕಿಕೊಳ್ಳಿ. ತೋಳು ಆಡಿಸಲು ತೊಡಕಾಗದಿದ್ದರೆ ಸಾಕು.

ಶಿಡ್ಲಘಟ್ಟದವರು ರೇಷ್ಮೆ ನಡೆಯುತ್ತಾ ಎಂದು ಕೇಳುತ್ತಾರೆ. ನಡೆಯುತ್ತದೆ. ರೇಷ್ಮೆ ನೂಲಿನ ಥರ್ಮಲ್‌ಗಳು ಇವೆ. ತೆಳು, ಮೈಗೆ ನವಿರು, ಹತ್ತಿಗಿಂತ ಬೇಗ ಒಣಗುತ್ತವೆ. ಕಡು ಚಳಿಗೆ ಮೆರಿನೋ ಮೇಲು.

ಸೈಜ್ ಹೇಗೆ ನೋಡೋದು?

ಅಂಗಡಿಗೆ ಹೋಗುವಾಗ ಥರ್ಮಲ್, ಫ್ಲೀಸ್ ಜೊತೆಗೆ ತಗೊಂಡು ಹೋಗಿ. ಅವುಗಳ ಮೇಲೆಯೇ ಜಾಕೆಟ್ ಹಾಕಿ ನೋಡಿ. ಎರಡೂ ಕೈ ಮೇಲೆತ್ತಿ, ಸೊಂಟ ಕಾಣಬಾರದು. ಕೈ ಮುಂದೆ ಚಾಚಿ, ಮಣಿಕಟ್ಟು ಕಾಣಬಾರದು. ಕುಕ್ಕರುಗಾಲಿನಲ್ಲಿ ಕೂತು ನೋಡಿ, ಬೆನ್ನು ಎಳೆಯಬಾರದು. ಬೀಳುವಾಗ ಕೈ ಊರುವುದರಿಂದ ಸ್ನೋಬೋರ್ಡ್ ಕಲಿಯುವವರಿಗೆ ಮಣಿಕಟ್ಟಿನ ಪೆಟ್ಟು ಸಾಮಾನ್ಯ. ಅದಕ್ಕೆ ರಿಸ್ಟ್ ಗಾರ್ಡ್ ಹಾಕುತ್ತಾರೆ, ತೋಳಿನ ತುದಿಯಲ್ಲಿ ಅದಕ್ಕೂ ಜಾಗವಿರಲಿ. ಹೆಣ್ಣುಮಕ್ಕಳ ಕಟ್‌ನಲ್ಲಿ ಕೆಲವು ಜಾಕೆಟ್‌ಗಳು ಚಂದಕ್ಕೆ ಅಂತ ಗಿಡ್ಡವಾಗಿರುತ್ತವೆ. ಉದ್ದದ್ದನ್ನೇ ಕೇಳಿ.

ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ. ಸಡಿಲವಾದರೆ ಹಿಮ ಒಳಗೆ ಹೋಗುತ್ತದೆ. ಕೆಲವು ಮಕ್ಕಳ ಜಾಕೆಟ್‌ಗಳಲ್ಲಿ ತೋಳಿನೊಳಗೆ ಒಂದು ಹೊಲಿಗೆ ಬಿಚ್ಚಿದರೆ ಉದ್ದವಾಗುವ ವ್ಯವಸ್ಥೆ ಇರುತ್ತದೆ. ಅಂಥದ್ದು ಸಿಕ್ಕರೆ ಒಳ್ಳೆಯದು.

ಬಣ್ಣ?

ಬಿಳಿ, ಬೂದು ಬಿಟ್ಟು ಯಾವುದಾದರೂ. ಮೋಡ ಕವಿದಾಗ ಹಿಂದಿನಿಂದ ಬರುವವರಿಗೆ ನೀವು ಕಾಣಬೇಕು.

ಕೊಳ್ಳೋದಾ, ಬಾಡಿಗೆಗೆ ತಗೊಳ್ಳೋದಾ?

ಒಂದೇ ಸಲ, ಎರಡು ಮೂರು ದಿನ ಅಂತಿದ್ದರೆ ಬಾಡಿಗೆ ಸಾಕು. ಗುಲ್ಮಾರ್ಗ್‌ನಲ್ಲಿ ಬೋರ್ಡ್, ಬೂಟು, ಜಾಕೆಟ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಮನಾಲಿಯಿಂದ ಸೋಲಾಂಗ್‌ಗೆ ಹೋಗುವ ದಾರಿಯಲ್ಲಿ ತಲೆಯಿಂದ ಕಾಲಿನವರೆಗೆ ಒಂದೇ ಆಗಿರುವ ಸೂಟ್ ಬಾಡಿಗೆಗೆ ಕೊಡುವ ಅಂಗಡಿಗಳು ಸಾಲಾಗಿವೆ. ಹಿಮದಲ್ಲಿ ಆಡಿಕೊಂಡು ಬರುವ ಪ್ರವಾಸಿಗಳಿಗೆ ಅವು ಸರಿ. ಬೆವರು ಹೊರಗೆ ಹೋಗದ ಕಾರಣ ಬೋರ್ಡಿಂಗ್‌ಗೆ ಹಿಡಿಸುವುದಿಲ್ಲ. ಬಾಡಿಗೆ ಜಾಕೆಟ್ ತಗೊಳ್ಳುವಾಗ ಒಳಗೆ ಕೈ ಹಾಕಿ ತೇವ ಇದೆಯಾ ನೋಡಿ. ಪ್ರತಿ ಜಿಪ್ ಎಳೆದು ನೋಡಿ. ಥರ್ಮಲ್, ಸಾಕ್ಸ್, ಗ್ಲೌಸ್ ಮಾತ್ರ ನಿಮ್ಮವೇ ಇರಲಿ.

ಗುಲ್ಮಾರ್ಗ್‌ನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನಿಯರಿಂಗ್, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಚಳಿಗಾಲದ ಕೋರ್ಸ್ ಸೇರುವವರು ಮೊದಲು ಅವರ ಪಟ್ಟಿ ಕೇಳಿ. ಅವರು ಕೊಡುವುದನ್ನೇ ನೀವೂ ಕೊಂಡರೆ ದುಡ್ಡು ದಂಡ.

ಎಲ್ಲಿ ಕೊಳ್ಳೋದು? ಕೊಳ್ಳೋ ಮುಂಚೆ ಪರೀಕ್ಷೆ ಮಾಡ್ಬಹುದಾ?

ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಸಿಗುವ ಜರ್ಕಿನ್‌ಗಳು ನಮ್ಮ ಚಳಿಗೆ ಮಾಡಿದವು. ಇದಕ್ಕೆ ಬೆಂಗಳೂರಿಗೇ ಹೋಗಬೇಕು. ಡೆಕಾಥ್ಲಾನ್‌ನಂಥ ದೊಡ್ಡ ಕ್ರೀಡಾ ಅಂಗಡಿಗಳಲ್ಲಿ ತೊಟ್ಟು ನೋಡಬಹುದು. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಮನೆಯಲ್ಲಿ ತೊಟ್ಟು, ಮೆಟ್ಟಿಲು ಹತ್ತಿ ಇಳಿದು ನೋಡಿ. ವಾಪಸ್ ಕೊಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ನೀರಿನ ಪರೀಕ್ಷೆ ಮಾಡಿ. ತೋಳಿನ ಒಳಗೆ ಟಿಶ್ಯೂ ಕಾಗದ ಇಡಿ. ಹೊರಗೆ ನೀರು ಹಾಕಿ, ಅಂಗೈಯಿಂದ ಎರಡು ನಿಮಿಷ ಗಟ್ಟಿಯಾಗಿ ಒತ್ತಿ. ಕಾಗದ ಒಣಗಿದ್ದರೆ ಸರಿ. ಹೊಲಿಗೆಯ ಮೇಲೂ ಇದನ್ನೇ ಮಾಡಿ.

ಒಗೆಯೋದು, ಎತ್ತಿಡೋದು ಹೇಗೆ?

ಹೊಸ ಜಾಕೆಟ್ ಮೇಲೆ ನೀರು ಹನಿ ಹನಿಯಾಗಿ ಜಾರುತ್ತದೆ. ಬಟ್ಟೆಯ ಹೊರಮೈಗೆ ಬಳಿದ ಲೇಪನ ಅದನ್ನು ಮಾಡುತ್ತದೆ. ಕೊಳೆ, ಬೆವರು, ಸೋಪಿನ ಅಂಶ ಕೂತಾಗ ಲೇಪನ ಮಂಕಾಗಿ ಬಟ್ಟೆ ನೀರು ಕುಡಿಯಲು ಶುರು ಮಾಡುತ್ತದೆ. ಒಳಪದರ ನೀರು ತಡೆದರೂ ಹೊರಬಟ್ಟೆ ನೆನೆದರೆ ಆವಿ ಹೊರಗೆ ಹೋಗಲಾರದು. ಸೌಮ್ಯವಾದ ದ್ರವ ಸೋಪಿನಲ್ಲಿ ಒಗೆದು, ಎರಡೆರಡು ಸಲ ಜಾಲಿಸಿ. ಬಟ್ಟೆ ಮೆತ್ತಗಾಗಿಸುವ ದ್ರವ, ಬ್ಲೀಚ್ ಬೇಡ. ಒಗೆಯುವ ಕಲ್ಲಿನ ಮೇಲೆ ಬಡಿಯುವುದಂತೂ ಬೇಡವೇ ಬೇಡ. ಲೇಬಲ್ ಒಪ್ಪಿದರೆ ಕಡಿಮೆ ಬಿಸಿಯ ಇಸ್ತ್ರಿಯನ್ನು ಮೇಲೆ ತೆಳು ಬಟ್ಟೆ ಹಾಸಿ ಆಡಿಸಿ, ಶಾಖಕ್ಕೆ ಲೇಪನ ಮತ್ತೆ ಚುರುಕಾಗುತ್ತದೆ. ಆಗಲೂ ನೀರು ಜಾರದಿದ್ದರೆ ಲೇಪನದ ಸ್ಪ್ರೇ ಸಿಗುತ್ತದೆ.

ನಮ್ಮ ಹವೆಯಲ್ಲಿ ಎತ್ತಿಡುವುದೇ ದೊಡ್ಡ ವಿಷಯ. ಅನೇಕ ಜಾಕೆಟ್‌ಗಳ ಒಳಪದರ ಪಾಲಿಯುರೆಥೇನ್‌ನದು. ಶಾಖ ಮತ್ತು ತೇವ ಸೇರಿದರೆ ಅದು ನಿಧಾನವಾಗಿ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟಕ್ಕೆ ಹಾಕಬೇಡಿ. ಪೂರ್ತಿ ಒಣಗಿಸಿ, ಹ್ಯಾಂಗರ್‌ಗೆ ಹಾಕಿ, ಗಾಳಿಯಾಡುವ ಬೀರುವಿನಲ್ಲಿ ತೂಗುಬಿಡಿ.

ಲಗೇಜ್ ಭಾರ ಆಗಲ್ವಾ?

ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 44 ಶ್ರೀನಗರದವರೆಗೂ ಇದೆ. ಕಾರಿನಲ್ಲೇ ಹೋಗುವವರಿಗೆ ಭಾರದ ಚಿಂತೆ ಇಲ್ಲ. ವಿಮಾನವಾದರೆ ದೇಶದೊಳಗೆ ಸಾಮಾನ್ಯವಾಗಿ 15 ಕೆಜಿ ಚೆಕ್ ಇನ್, 7 ಕೆಜಿ ಕೈಚೀಲ. ಶೆಲ್ ಮಡಚಿದರೆ ಚಿಕ್ಕದಾಗುತ್ತದೆ. ಜಾಕೆಟ್ ಮತ್ತು ಒಂದು ಜೊತೆ ಥರ್ಮಲ್ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗ್ ತಡವಾಗಿ ಬಂದರೂ ಮೊದಲ ದಿನ ಕೆಡುವುದಿಲ್ಲ.

ಸಂಜೆ ಜಾಕೆಟ್ ಒದ್ದೆಯಾಗಿದ್ರೆ ರೂಮಲ್ಲಿ ಹೇಗೆ ಒಣಗಿಸೋದು?

ಕಾಶ್ಮೀರದ ರೂಮುಗಳಲ್ಲಿ ಬುಖಾರಿ ಎಂಬ ಕಟ್ಟಿಗೆ ಒಲೆ ಇರುತ್ತದೆ. ಅದರ ಪಕ್ಕಕ್ಕೇ ತೂಗುಹಾಕಬೇಡಿ, ನೈಲಾನ್ ಕರಗುತ್ತದೆ. ಒಂದು ಕಿಡಿ ಹಾರಿದರೂ ತೂತು. ಸ್ಥಳೀಯರು ಫೆರನ್ ಎಂಬ ಉದ್ದ ನಿಲುವಂಗಿಯ ಒಳಗೆ ಕಾಂಗ್ಡಿ ಎಂಬ ಕೆಂಡದ ಬುಟ್ಟಿ ಇಟ್ಟುಕೊಳ್ಳುತ್ತಾರೆ. ಪ್ರೀತಿಯಿಂದ ನಿಮ್ಮ ಕೈಗೂ ಕೊಟ್ಟಾರು. ಕೈ ಕಾಯಿಸಿಕೊಳ್ಳಿ, ಜಾಕೆಟ್ ಒಳಗೆ ಮಾತ್ರ ಇಟ್ಟುಕೊಳ್ಳಬೇಡಿ. ರೂಮಿಗೆ ಬರುವ ಮುಂಚೆ ಹೊರಗೇ ಹಿಮ ಕೊಡವಿ. ಎಲ್ಲ ಜಿಪ್, ಜೇಬು ತೆರೆದು, ಪೌಡರ್ ಸ್ಕರ್ಟ್ ಹೊರಕ್ಕೆ ತಿರುಗಿಸಿ, ಒಲೆಯಿಂದ ಆರೇಳು ಅಡಿ ದೂರದಲ್ಲಿ ಹ್ಯಾಂಗರ್‌ಗೆ ಹಾಕಿ. ಥರ್ಮಲ್ ಮತ್ತು ಗ್ಲೌಸ್ ಬೇರೆ ಬೇರೆ ಹರಡಿ. ರಾತ್ರಿ ಊಟಕ್ಕೆ ಹೋಗುವ ಮುಂಚೆ ಒಮ್ಮೆ ಒಳಮೈ ಹೊರಗೆ ಮಾಡಿ ತಿರುಗಿಸಿ ಹಾಕಿದರೆ ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತದೆ.